ನಾಯಿಯ ಕಣ್ಣಿಗೆ ಕೃತಕ ಕಣ್ಣೀರು: ಬಾಟಲಿ ತೆರೆಯುವ ಮುನ್ನ

ಸಂಜೆಯ ಹೊತ್ತು ಜಯನಗರದ ಉದ್ಯಾನಗಳ ಬಳಿ ಸುತ್ತಾಡಿದರೆ ಪಗ್, ಶಿಹ್ ತ್ಸು, ಲಾಸಾ ಆಪ್ಸೊ, ಕಾಕರ್ ಸ್ಪ್ಯಾನಿಯಲ್ ತಳಿಯ ನಾಯಿಗಳು ಎದುರಾಗುವುದು ಸಾಮಾನ್ಯ. ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟುಗಳಲ್ಲಿಯೂ ಈ ಪುಟ್ಟ ತಳಿಗಳೆಂದರೆ ಅಚ್ಚುಮೆಚ್ಚು. ಆದರೆ ಕಣ್ಣಿನ ತೇವ ಆರುವ ತೊಂದರೆಗೆ ಸುಲಭವಾಗಿ ಗುರಿಯಾಗುವುದೂ ಇವೇ. ಪಗ್‌ನಂತಹ ಚಪ್ಪಟೆ ಮುಖದ ನಾಯಿಗಳ ಕಣ್ಣು ಮುಂಚಾಚಿರುತ್ತದೆ. ನಿದ್ದೆಯಲ್ಲಿಯೂ ರೆಪ್ಪೆ ಪೂರ್ತಿ ಮುಚ್ಚದಿರಬಹುದು. ಇದಕ್ಕೆ ರಸ್ತೆಯ ಧೂಳು, ಪಕ್ಕದ ನಿವೇಶನದ ಸಿಮೆಂಟಿನ ಪುಡಿ ಸೇರಿದರೆ ಕಣ್ಣು ಕೆಂಪಾಗಲು ಹೆಚ್ಚು ಹೊತ್ತು ಬೇಡ. ಆಗ ಮನೆಯವರು ಔಷಧ ಅಂಗಡಿಯಿಂದ ಕೃತಕ ಕಣ್ಣೀರಿನ ಹನಿಯನ್ನು ತಂದು ಹಾಕುತ್ತಾರೆ.

ಇದು ತಪ್ಪೇ? ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹೈಪ್ರೊಮೆಲೋಸ್ ಅಥವಾ ಸೋಡಿಯಂ ಹೈಯಲುರೊನೇಟ್ ಮಾತ್ರವುಳ್ಳ, ಮನುಷ್ಯರಿಗಾಗಿ ತಯಾರಾದ ಹನಿಗಳನ್ನು ಪಶುವೈದ್ಯರೂ ನಾಯಿಗಳಿಗೆ ಬರೆದುಕೊಡುತ್ತಾರೆ. ಅವುಗಳಿಂದ ನೇರ ಹಾನಿ ಅಪರೂಪ. ಅಪಾಯವಿರುವುದು ಅವು ಮರೆಮಾಚುವ ಕಾಯಿಲೆಯಲ್ಲಿ ಮತ್ತು ಅವುಗಳ ಹೆಸರಿನಲ್ಲಿ ಕೈಗೆ ಸಿಗುವ ಬೇರೆ ಬಾಟಲಿಯಲ್ಲಿ.

ಒಣಗಣ್ಣು ಎಂದೊಡನೆ ನೀರಿಲ್ಲದ ಕಣ್ಣನ್ನು ಊಹಿಸಿಕೊಳ್ಳುವುದು ಸಹಜ. ನಾಯಿಗಳಲ್ಲಿ ಕಾಣುವ ಗುರುತು ಇದಕ್ಕೆ ವ್ಯತಿರಿಕ್ತ: ಒರೆಸಿದಷ್ಟೂ ಮತ್ತೆ ಕಟ್ಟುವ ಅಂಟಂಟಾದ ಗೀಜು, ಹೊಳಪು ಕಳೆದುಕೊಂಡ ಕಣ್ಣು. ಬಹುತೇಕ ಪ್ರಕರಣಗಳಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕಣ್ಣೀರಿನ ಗ್ರಂಥಿಯ ಮೇಲೆ ದಾಳಿ ಮಾಡಿರುತ್ತದೆ. ಡಿಸ್ಟೆಂಪರ್ ರೋಗ, ಸಲ್ಫಾ ಗುಂಪಿನ ಔಷಧಗಳು, ಹಿಂದೆಂದೋ 'ಚೆರಿ ಐ' ಎಂದು ಮೂರನೆಯ ರೆಪ್ಪೆಯ ಗ್ರಂಥಿಯನ್ನೇ ಕತ್ತರಿಸಿ ತೆಗೆದಿರುವುದು ಸಹ ಕಾರಣವಾಗಬಹುದು. ವೈದ್ಯರು ರೆಪ್ಪೆಯ ಅಂಚಿಗೆ ಸಣ್ಣ ಕಾಗದದ ಪಟ್ಟಿಯನ್ನಿಟ್ಟು ಒಂದು ನಿಮಿಷದಲ್ಲಿ ಅದು ಎಷ್ಟು ತೋಯುತ್ತದೆಂದು ಅಳೆಯುತ್ತಾರೆ. 15 ಮಿ.ಮೀ. ಅಥವಾ ಹೆಚ್ಚಿದ್ದರೆ ಸರಿ. 10ಕ್ಕಿಂತ ಕಡಿಮೆಯಿದ್ದರೆ ಒಣಗಣ್ಣಿನ ಶಂಕೆ ಬಲವಾಗುತ್ತದೆ. ಇಂತಹ ನಾಯಿಗೆ ಸೈಕ್ಲೋಸ್ಪೊರಿನ್ ಅಥವಾ ಟ್ಯಾಕ್ರೊಲಿಮಸ್ ಬೇಕು. ಅದರ ಫಲ ಕಾಣಲು ವಾರಗಳೇ ಹಿಡಿಯುತ್ತವೆ, ಹಲವು ನಾಯಿಗಳಿಗೆ ಜೀವನಪರ್ಯಂತ ಮುಂದುವರಿಸಬೇಕಾಗುತ್ತದೆ. ಕೃತಕ ಕಣ್ಣೀರು ಇಲ್ಲಿ ಜೊತೆಗಾರ ಮಾತ್ರ. ಅದೊಂದನ್ನೇ ನಂಬಿ ತಿಂಗಳುಗಟ್ಟಲೆ ಕಳೆದರೆ ಕಾರ್ನಿಯಾದ ಮೇಲೆ ಕಪ್ಪು ಪೊರೆ ಹರಡಿ ದೃಷ್ಟಿ ಕುಂದುತ್ತದೆ.

ಇನ್ನು ಬಾಟಲಿಯ ವಿಚಾರ. 2023ರ ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಮದ್ರಾಸ್ ಐ ಹರಡಿದಾಗ ಮನೆಮನೆಗೂ ಹನಿ ಔಷಧಗಳು ಬಂದವು. ಹೀಗೆ ಒಮ್ಮೆ ತಂದು ಉಳಿದ ಬಾಟಲಿಯನ್ನು ನಾಯಿಗೆ ಹಾಕುವುದು ನಮ್ಮಲ್ಲಿ ಮಿತವ್ಯಯವೆನಿಸಿಕೊಳ್ಳುತ್ತದೆ! ಅದರಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಮುಂತಾದ ಸ್ಟೆರಾಯ್ಡ್ ಇದ್ದು, ನಾಯಿಯ ಕಾರ್ನಿಯಾದಲ್ಲಿ ಗೀರು ಗಾಯವಿದ್ದರೆ, ಗಾಯ ಮಾಯುವ ಬದಲು ಆಳವಾಗಿ ಕಣ್ಣು ತೂತಾಗುವ ಸಂಭವವಿದೆ. ಗಾಯವಿದೆಯೇ ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ. ವೈದ್ಯರು ಫ್ಲೋರೆಸಿನ್ ಎಂಬ ಬಣ್ಣ ಹಾಕಿದಾಗ ಅದು ಹಸಿರಾಗಿ ಕಾಣುತ್ತದೆ. 'ಕೆಂಪು ಹೋಗಲು' ಎಂದು ಮಾರುವ ನ್ಯಾಫಜೋಲಿನ್, ಟೆಟ್ರಾಹೈಡ್ರೊಜೊಲಿನ್ ಹನಿಗಳನ್ನಂತೂ ಬಳಸಲೇಬಾರದು. ಆ ಬಾಟಲಿಯನ್ನು ನಾಯಿ ಕಚ್ಚಿ ನೆಕ್ಕಿದರೆ ಹೃದಯದ ಬಡಿತ ನಿಧಾನವಾಗಿ ಪ್ರಾಣಕ್ಕೇ ಕುತ್ತು ಬರಬಹುದು.

ಶುಚಿತ್ವವೂ ಸಣ್ಣ ಮಾತಲ್ಲ. ಚೆನ್ನೈ ಸಮೀಪದ ಕಾರ್ಖಾನೆಯೊಂದರ ಕೃತಕ ಕಣ್ಣೀರಿನಲ್ಲಿ ಬ್ಯಾಕ್ಟೀರಿಯಾ ಸೇರಿ, ಅಮೆರಿಕದಲ್ಲಿ ಹಲವರು ದೃಷ್ಟಿ ಕಳೆದುಕೊಂಡರು, ಕೆಲವರು ಮೃತಪಟ್ಟರು; 2023ರ ಫೆಬ್ರುವರಿಯಲ್ಲಿ ಅದನ್ನು ಹಿಂಪಡೆಯಲಾಯಿತು. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದು, ಬಹುತೇಕ ಬಾಟಲಿಗಳ ಮೇಲೆ ಸೂಚಿಸಿರುವಂತೆ ಒಂದು ತಿಂಗಳಿಗೆ ಎಸೆಯುವುದು ಒಳಿತು. ದಿನಕ್ಕೆ ಆರೇಳು ಬಾರಿ ಹಾಕಬೇಕಿದ್ದರೆ ಸಂರಕ್ಷಕ ರಾಸಾಯನಿಕವಿಲ್ಲದ ಹನಿಯನ್ನು ಕೇಳಿ ಪಡೆಯಿರಿ.

ಹಾಕುವ ಕ್ರಮ ಸರಳ. ಕೈ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಗೀಜನ್ನು ಒರೆಸಬೇಕು. ನಾಯಿಯ ಹಿಂದೆ ಕುಳಿತು ಗಲ್ಲವನ್ನು ಮೇಲೆತ್ತಿ, ಬಾಟಲಿ ಕಣ್ಣಿಗೆ ತಾಗದಂತೆ ಮೇಲಿನಿಂದ ಒಂದೇ ಹನಿ ಬಿಡಬೇಕು. ಎರಡನೆಯದು ಕೆನ್ನೆಗೆ ಇಳಿದು ವ್ಯರ್ಥ. ಬೇರೆ ಔಷಧವೂ ಇದ್ದರೆ ಐದರಿಂದ ಹತ್ತು ನಿಮಿಷ ಬಿಟ್ಟು ಹಾಕಿ, ಮುಲಾಮನ್ನು ಕೊನೆಗಿಡಿ.

ನಾಯಿ ಒಂದು ಕಣ್ಣನ್ನು ಮುಚ್ಚಿಕೊಂಡೇ ಇದ್ದರೆ, ಕಣ್ಣಿನ ಮೇಲೆ ನೀಲಿ-ಬಿಳಿ ಮಬ್ಬು ಕವಿದರೆ, ಹಸಿರು ಗೀಜು ಬಂದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ದಕ್ಷಿಣ ಬೆಂಗಳೂರಿಗೆ ನಗರದ ಇನ್ನೊಂದು ತುದಿ. ಆದ್ದರಿಂದ ಮೊದಲು ಬಡಾವಣೆಯ ವೈದ್ಯರಿಗೆ ಫೋನ್ ಮಾಡುವುದು ಲೇಸು. ಜಗಳದಲ್ಲೋ ಪೆಟ್ಟಿನಿಂದಲೋ ಪಗ್‌ನ ಕಣ್ಣುಗುಡ್ಡೆ ಹೊರಬಂದರೆ ಮಾತ್ರ ಕೃತಕ ಕಣ್ಣೀರೇ ಪ್ರಥಮ ಚಿಕಿತ್ಸೆ: ಒಳಗೆ ತಳ್ಳಲು ಹೋಗದೆ, ಹನಿ ಹಾಕುತ್ತ ತೇವವಾಗಿಟ್ಟುಕೊಂಡು, ಕೂಡಲೇ ಆಸ್ಪತ್ರೆಗೆ ಹೊರಡಿ.