ಕ್ಯೋಟೊದ ಬೆಟ್ಟಗಳಿಗೆ ಅಡ್ಡ ನಿಂತ ಹೋಟೆಲ್

ಒಂದು ಹೋಟೆಲಿನಲ್ಲಿ ತಂಗಿದ ಕಾರಣಕ್ಕೆ ದೇವಾಲಯ ಪ್ರವೇಶ ನಿರಾಕರಿಸಿದ್ದುಂಟೆ? 1990ರ ದಶಕದ ಆರಂಭದಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ಹೀಗಾಯಿತು. ಕಿಯೊಮಿಝು, ಕಿಂಕಾಕುಜಿಯಂಥ ಹೆಸರಾಂತ ಬೌದ್ಧ ದೇವಾಲಯಗಳು ಕ್ಯೋಟೊ ಹೋಟೆಲಿನ ಅತಿಥಿಗಳಿಗೆ ಪ್ರವೇಶವಿಲ್ಲವೆಂದು ಫಲಕ ಹಾಕಿದವು.

ಕ್ರಿ.ಶ. 794ರಲ್ಲಿ ರಾಜಧಾನಿಯಾದ ಕ್ಯೋಟೊಗೆ ಮೂರು ದಿಕ್ಕಿನಲ್ಲೂ ಬೆಟ್ಟಗಳ ಆವರಣ. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಿಂದ ಬಹುಮಟ್ಟಿಗೆ ಪಾರಾದ್ದರಿಂದ ಹಳೆಯ ಮರದ ಮನೆಗಳೂ ಉಳಿದುಕೊಂಡವು. ಇಲ್ಲಿ ಬೆಟ್ಟವೆಂಬುದು ಬರಿಯ ಹಿನ್ನೆಲೆಯಲ್ಲ. ದೂರದ ಬೆಟ್ಟವನ್ನೇ ತೋಟದ ಅಂಗವಾಗಿಸಿಕೊಳ್ಳುವ 'ಶಕ್ಕೆಯಿ', ಅಂದರೆ 'ಎರವಲು ನೋಟ'ದ ಕಲೆ ಇಲ್ಲಿನ ದೇವಾಲಯಗಳಲ್ಲಿದೆ. ಪ್ರತಿ ಆಗಸ್ಟ್ 16ರ ರಾತ್ರಿ, ಪಿತೃಗಳನ್ನು ಬೀಳ್ಕೊಡಲು ಐದು ಬೆಟ್ಟಗಳ ಮೇಲೆ ಅಕ್ಷರ ಮತ್ತು ಚಿತ್ರಗಳ ಆಕಾರದಲ್ಲಿ ಬೆಂಕಿ ಹೊತ್ತಿಸುತ್ತಾರೆ.

1888ರಲ್ಲಿ ಆರಂಭವಾಗಿದ್ದ ಹೋಟೆಲು ತನ್ನ ಹಳೆಯ ಕಟ್ಟಡ ಕೆಡವಿ 60 ಮೀಟರ್ ಎತ್ತರದ ಐಷಾರಾಮಿ ಕಟ್ಟಡಕ್ಕೆ ಮುಂದಾಯಿತು. ಅಲ್ಲಿದ್ದ ಮಿತಿ 45 ಮೀಟರ್. ಆದರೆ ನಿವೇಶನದ ಒಂದು ಭಾಗವನ್ನು ಸಾರ್ವಜನಿಕರಿಗೆ ತೆರೆದಿಟ್ಟರೆ ಮಿತಿ ಸಡಿಲಿಸಲು ನಿಯಮದಲ್ಲೇ ಅವಕಾಶವಿತ್ತು. ಕಾನೂನು ಹೋಟೆಲಿನ ಪರವಾಗಿತ್ತು. ಒಂದಕ್ಕೆ ಒಪ್ಪಿದರೆ ಇನ್ನೆಷ್ಟೋ ಕಟ್ಟಡಗಳು ಸಾಲುಗಟ್ಟಿ ಏಳುತ್ತವೆಂಬುದು ವಿರೋಧಿಗಳ ಆತಂಕ. ನಗರದ ಬೌದ್ಧ ಸಂಘ ಹೋರಾಟಕ್ಕಿಳಿದರೂ ಹೋಟೆಲು 1994ರಲ್ಲಿ ಪೂರ್ಣಗೊಂಡಿತು. ಅದು ನಗರಕ್ಕೆ 1200 ವರ್ಷ ತುಂಬಿದ ವರ್ಷ. ಕ್ಯೋಟೊದ ಪ್ರಾಚೀನ ಸ್ಮಾರಕಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದೂ ಅದೇ ವರ್ಷ. 1997ರಲ್ಲಿ ವಾಸ್ತುಶಿಲ್ಪಿ ಹಿರೋಶಿ ಹಾರಾ ವಿನ್ಯಾಸದ ಹೊಸ ರೈಲು ನಿಲ್ದಾಣವೂ ಸುಮಾರು ಅಷ್ಟೇ ಎತ್ತರಕ್ಕೆ ಎದ್ದಿತು.

ವಿರೋಧ ಸೋತಿತೆನಿಸಿದರೂ ಪ್ರಶ್ನೆ ಸಾಯಲಿಲ್ಲ. ನಿವೇಶನ ಮಾಲೀಕನದು, ಅದರಾಚೆಯ ನೋಟ ಯಾರದು? 2007ರಲ್ಲಿ ನಗರಾಡಳಿತವೇ ಇದಕ್ಕೆ ಉತ್ತರ ಕೊಟ್ಟಿತು. ನಗರದ ನಡುಭಾಗದ ಮುಖ್ಯ ರಸ್ತೆಗಳಲ್ಲಿ ಮಿತಿ 45ರಿಂದ 31 ಮೀಟರಿಗೆ, ಒಳಕೇರಿಗಳಲ್ಲಿ 15 ಮೀಟರಿಗೆ ಇಳಿಯಿತು. ಬೆಂಕಿಯ ಬೆಟ್ಟಗಳ ನೋಟವೂ ಸೇರಿ 38 ನೋಟಗಳಿಗೆ ರಕ್ಷಣೆ ದೊರೆಯಿತು. ಆಗಲೇ ಎದ್ದಿದ್ದ ಕಟ್ಟಡಗಳನ್ನು ಕೆಡವಬೇಕಿರಲಿಲ್ಲ. ಹಾಗಾಗಿ ಓಕುರಾ ಹೆಸರು ಸೇರಿಸಿಕೊಂಡಿರುವ ಆ ಹೋಟೆಲು ಹಳೆಯ ಎತ್ತರದಲ್ಲೇ ನಿಂತಿದೆ.

ನೋಟ ಉಳಿಸಿಕೊಳ್ಳುವುದಕ್ಕೂ ಬೆಲೆ ತೆರಬೇಕು. ಮನೆಗಳ ಬೆಲೆ ಏರಿ ಯುವ ಕುಟುಂಬಗಳು ನೆರೆಯ ಊರುಗಳಿಗೆ ಹೋಗತೊಡಗಿದಾಗ, 2023ರಲ್ಲಿ ರೈಲು ನಿಲ್ದಾಣದ ದಕ್ಷಿಣ ಭಾಗವೂ ಸೇರಿ ಕೆಲವೆಡೆ ಮಿತಿ ಸಡಿಲಿಸಲಾಯಿತು. ಊರಿನ ನಡುಭಾಗದಲ್ಲಿ ಮಾತ್ರ ನೋಟ ಎಲ್ಲರ ಆಸ್ತಿಯೆಂಬ ಮಾತಿಗೆ ಕ್ಯೋಟೊ ಇನ್ನೂ ಅಂಟಿಕೊಂಡಿದೆ.