ಹಿತಚಿಂತಕ ಮುದ್ರಣಾಲಯವೂ ಶ್ರೀ ಹಳಕಟ್ಟಿಯವರ ಗ್ರಂಥಪ್ರಕಾಶನವೂ

ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು (1880–1964) ವಚನಗಳನ್ನು ಸಂಗ್ರಹಿಸಿ ಸಂಶೋಧಿಸಿದ ಮಹನೀಯರೆಂಬುದನ್ನು ಭಕ್ತಸಮುದಾಯದಲ್ಲಿ ಅರಿಯದವರಿಲ್ಲ. ಆದರೆ ಅವರು ಒಂದು ಚಿಕ್ಕ ಮುದ್ರಣಾಲಯದ ಒಡೆಯರಾಗಿಯೂ, ಪತ್ರಿಕೆಯ ಸಂಪಾದಕರಾಗಿಯೂ, ತಮ್ಮ ಗ್ರಂಥಗಳಿಗೆ ತಾವೇ ಪ್ರಕಾಶಕರಾಗಿಯೂ ಪಟ್ಟ ಪಾಡು ಅಷ್ಟಾಗಿ ಪ್ರಸಿದ್ಧಿಗೆ ಬಂದಿಲ್ಲ. ಆ ಮುದ್ರಣಾಲಯವು ಇಲ್ಲದಿದ್ದ ಪಕ್ಷದಲ್ಲಿ, ಅವರು ಊರೂರು ತಿರುಗಿ ಕೂಡಿಹಾಕಿದ ಓಲೆಗಟ್ಟುಗಳಲ್ಲಿ ಎಷ್ಟೋ ಇನ್ನೂ ಬಹುಕಾಲ ಕಟ್ಟುಗಳಾಗಿಯೇ ಉಳಿಯುತ್ತಿದ್ದುವು.

ಧಾರವಾಡದಲ್ಲಿ ಜನಿಸಿ, ಮುಂಬಯಿಯಲ್ಲಿ ವ್ಯಾಸಂಗಮಾಡಿ, 1904ರಲ್ಲಿ ಕಾಯಿದೆಯ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದ ಹಳಕಟ್ಟಿಯವರು ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ನಡೆಸಿ, ಬಳಿಕ ಅಂದಿನ ವಿಜಾಪುರ, ಇಂದಿನ ವಿಜಯಪುರದಲ್ಲಿ ನೆಲೆಸಿದರು. ಆ ದಿನಗಳಲ್ಲಿಯೇ ರಬಕವಿಯ ಒಂದು ಮನೆಯಲ್ಲಿ ದೊರೆತ ತಾಡವೋಲೆಯ ವಚನಗಳು ಅವರ ಬಾಳಿನ ದಿಕ್ಕನ್ನೇ ತಿರುಗಿಸಿದುವು. ಓಲೆಗಳನ್ನು ಹೊರಗೆ ಕೊಡಲು ಎಲ್ಲರೂ ಒಪ್ಪುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ, ಮಠಗಳಲ್ಲಿಯೂ ಕೂಡ, ಕಟ್ಟುಗಳಿಗೆ ವಿಭೂತಿ ಹಚ್ಚಿ ಪೂಜೆ ನಡೆಯುತ್ತಿತ್ತೇ ಹೊರತು ಓದು ನಡೆಯುತ್ತಿರಲಿಲ್ಲ. ಈ ಮಾತನ್ನು ಮಠದ ಸಂಚಿಕೆಯಲ್ಲಿ ಮುಚ್ಚಿಡಬೇಕಾದ ಕಾರಣವಿಲ್ಲ.

ಸಂಗ್ರಹವಾದುದನ್ನು ಅಚ್ಚುಹಾಕಿಸುವುದು ಇನ್ನೂ ಕಷ್ಟವಾಯಿತು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದ ಪ್ರತಿಯು ಅಚ್ಚಾಗದೆ ಹಿಂದಿರುಗಿ ಬಂದಿತು. ಕಡೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಹೊರಬಿದ್ದಿತು. ಬೆಳಗಾವಿಯು ವಿಜಾಪುರಕ್ಕೆ ನೂರು ಮೈಲಿಗೂ ಮಿಕ್ಕ ದೂರ. ವಚನಗಳ ಕರಡನ್ನು ಅಷ್ಟು ದೂರದಿಂದ ತಿದ್ದುವುದು ಸಾಮಾನ್ಯ ಗ್ರಂಥದ ಕರಡನ್ನು ತಿದ್ದಿದಂತಲ್ಲ. ಓಲೆಯಲ್ಲಿ ಪದಗಳ ನಡುವೆ ಎಡೆಯಿಲ್ಲ, ವಿರಾಮಚಿಹ್ನೆಗಳಿಲ್ಲ. ವಚನವು ಯಾರದೆಂದು ತಿಳಿಯಲು ಕೊನೆಯಲ್ಲಿ ಬರುವ ಅಂಕಿತವೇ ಮುಖ್ಯವಾದ ಗುರುತು. ‘ಕೂಡಲಚೆನ್ನಸಂಗಮದೇವ’ ಎಂಬಲ್ಲಿ ಮೊಳೆ ಜೋಡಿಸುವವನ ಕೈತಪ್ಪಿ ‘ಚೆನ್ನ’ ಎಂಬೆರಡು ಅಕ್ಷರಗಳು ಬಿಟ್ಟುಹೋದರೆ ಸಾಕು, ಚೆನ್ನಬಸವಣ್ಣನವರ ವಚನವು ಬಸವಣ್ಣನವರದಾಗಿ ಬಿಡುತ್ತಿತ್ತು. ಇಂಥ ಕೆಲಸಕ್ಕೆ ಸಂಪಾದಕನು ಅಚ್ಚುಮೊಳೆಗಳ ಪಕ್ಕದಲ್ಲಿಯೇ ಇರಬೇಕಾಗುತ್ತಿತ್ತು.

1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವು ಸ್ಥಾಪಿತವಾಯಿತು. ಇದಕ್ಕಾಗಿ ಹಳಕಟ್ಟಿಯವರು ತಮ್ಮ ಸ್ವಂತ ಮನೆಯನ್ನೇ ಮಾರಿದರೆಂಬುದು ಪ್ರಸಿದ್ಧವಾಗಿದೆ. ಮರುವರ್ಷವೇ ‘ಶಿವಾನುಭವ’ ಪತ್ರಿಕೆಯನ್ನೂ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿದರು. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದವರು ಈ ಚಿಕ್ಕ ಛಾಪಖಾನೆಯ ಒಡೆಯರೇ.

ಕನ್ನಡದ ಛಾಪಖಾನೆಯೆಂದರೆ ಆಗ ಸುಲಭವಾದ ಉದ್ಯೋಗವಾಗಿರಲಿಲ್ಲ. ಕಾಗುಣಿತ, ಒತ್ತಕ್ಷರಗಳ ದೆಸೆಯಿಂದ ಇಂಗ್ಲಿಷಿಗೆ ಬೇಕಾಗುವುದಕ್ಕಿಂತ ಎಷ್ಟೋ ಹೆಚ್ಚು ಬಗೆಯ ಮೊಳೆಗಳು ಬೇಕಾಗುತ್ತಿದ್ದುವು. ಒಂದೇ ಒತ್ತಿನ ಮೊಳೆಗಳು ತೀರಿದರೂ, ಅಚ್ಚಾದ ಪುಟವನ್ನು ಬಿಚ್ಚಿ ಮೊಳೆಗಳನ್ನು ಮನೆಗಳಿಗೆ ಹಂಚುವವರೆಗೆ ಮುಂದಿನ ಪುಟವು ನಿಲ್ಲುತ್ತಿತ್ತು. ಸವೆದ ಮೊಳೆಗಳನ್ನು ಬದಲಿಸಬೇಕಾಗಿತ್ತು. ಕಾಗದದ ಬೆಲೆಯನ್ನೂ ಕೆಲಸಗಾರರ ಕೂಲಿಯನ್ನೂ ತಡಮಾಡದೆ ಸಲ್ಲಿಸಬೇಕಾಗಿತ್ತು. ಬರತಕ್ಕ ಹಣವಾದರೋ ವರ್ಗಣಿದಾರರ ಮರ್ಜಿಯನ್ನವಲಂಬಿಸಿದುದು. ವರ್ಗಣಿಯನ್ನು ಬಾಕಿಯಿಟ್ಟುಕೊಂಡು ಪತ್ರಿಕೆಯನ್ನು ಮಾತ್ರ ತಪ್ಪದೆ ನಿರೀಕ್ಷಿಸುವ ವಾಚಕರು ಆ ಕಾಲದ ಯಾವ ಕನ್ನಡ ಪತ್ರಿಕೆಗೂ ಅಪರಿಚಿತರಲ್ಲ. ಪಾರಮಾರ್ಥಿಕ ಗ್ರಂಥಕ್ಕೆ ಬೆಲೆಯೇಕೆಂದು ಕೇಳುವ ಭಕ್ತರಿಗೂ ನಮ್ಮಲ್ಲಿ ಎಂದೂ ಕೊರತೆಯಿರಲಿಲ್ಲ.

ಆದರೂ ಪತ್ರಿಕೆಯಿಂದ ಒಂದು ಮಹೋಪಕಾರವಾಯಿತು. ದೊಡ್ಡ ಗ್ರಂಥವೊಂದನ್ನು ಒಮ್ಮೆಗೇ ಅಚ್ಚುಹಾಕಲು ದೊಡ್ಡ ಮೊತ್ತವು ಬೇಕು. ಪತ್ರಿಕೆಯಲ್ಲಾದರೆ ಬಂಡವಾಳವಿಲ್ಲದವನೂ ಸಂಚಿಕೆಗಿಷ್ಟರಂತೆ ಪ್ರಾಚೀನ ಕೃತಿಗಳನ್ನು ಬೆಳಕಿಗೆ ತರಬಹುದು. ‘ಶಿವಾನುಭವ’ವು ಮೂರು ದಶಕಗಳಿಗೂ ಮಿಕ್ಕಿ ನಡೆದು ಈ ಕಾರ್ಯವನ್ನು ಮಾಡಿತು. ಅನೇಕ ಶರಣರ ವಚನಗಳು, ಹರಿಹರನ ರಗಳೆಗಳು, 1930ರಲ್ಲಿ ‘ಶೂನ್ಯಸಂಪಾದನೆ’ ಹೀಗೆ ಒಂದೊಂದಾಗಿ ಹಳಕಟ್ಟಿಯವರ ಸಂಪಾದನೆಯಿಂದ ಪ್ರಕಟವಾದುವು. ಬರೆಯುವುದು, ಓಲೆಗಳನ್ನು ಹೋಲಿಸುವುದು, ಕರಡು ತಿದ್ದುವುದು, ಬಾಕಿಯ ಲೆಕ್ಕ ನೋಡುವುದು, ಇವೆಲ್ಲವೂ ಒಬ್ಬರ ತಲೆಯ ಮೇಲೆಯೇ ಇದ್ದುವು. ವಕೀಲಿಯ ಗಳಿಕೆಯು ಇದಕ್ಕೇ ಸಂದು, ಕ್ರಮೇಣ ವಕೀಲಿಯೇ ಹಿಂದೆ ಸರಿಯಿತು. ಮನೆತನಕ್ಕೆ ಬಡತನವು ತಪ್ಪಲಿಲ್ಲ. 1939ರಲ್ಲಿ ಮಹಾಯುದ್ಧವು ಆರಂಭವಾದ ಮೇಲೆ ಕಾಗದದ ಅಭಾವವೂ ಬಂದೊದಗಿತು.

ಅವರ ಆವೃತ್ತಿಗಳಲ್ಲಿ ಪಾಠದೋಷಗಳಿವೆಯೆಂದು ಮುಂದಿನ ವಿದ್ವಾಂಸರು ತೋರಿಸಿಕೊಟ್ಟಿರುವುದು ನಿಜ. ಒಂದೊಂದು ಕೃತಿಗೆ ಹತ್ತಾರು ಪ್ರತಿಗಳನ್ನು ಕೂಡಿಸಿ ವರ್ಷಗಟ್ಟಲೆ ಹೋಲಿಸುವ ಅವಕಾಶವೂ ನೆರವಿನವರೂ ಅವರಿಗಿರಲಿಲ್ಲ. ಅಚ್ಚಾಗದೆ ಹುಳ ತಿಂದುಹೋದ ಓಲೆಯ ಪಾಠದೋಷವನ್ನು ಯಾರೂ ತಿದ್ದಲಾರರು. ಅಚ್ಚಾದುದನ್ನು ತಿದ್ದಲು ಬಂದಿತು.

ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಅವರಿಗೆ ಡಿ. ಲಿಟ್. ಪದವಿಯನ್ನಿತ್ತು ಗೌರವಿಸಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. 1993ರಲ್ಲಿ ಕರ್ನಾಟಕ ಸರಕಾರವು ವಚನಗಳನ್ನೆಲ್ಲ 15 ಸಂಪುಟಗಳಲ್ಲಿ ಜನಪ್ರಿಯ ಆವೃತ್ತಿಯಾಗಿ ಹೊರತಂದಿತು. ವಿಜಾಪುರದಲ್ಲಿ ಒಬ್ಬ ವಕೀಲರು ಮನೆ ಮಾರಿ ತೊಡಗಿಸಿದ ಕೆಲಸಕ್ಕೆ ಆಗ ಸರಕಾರದ ಬೊಕ್ಕಸವು ಹೆಗಲು ಕೊಟ್ಟಿತು.