ನಾಯಕ: ಒಂದು ಹುದ್ದೆ ಜಾತಿಯ ಹೆಸರಾದ ಬಗೆ

ಚಳ್ಳಕೆರೆ, ಮೊಳಕಾಲ್ಮೂರು ಕಡೆ ‘ನಾಯಕ’ ಅನ್ನೋ ಪದ ಎಲ್ಲೆಲ್ಲೂ ಸಿಗುತ್ತೆ. ಊರಿನ ಹೆಸರಲ್ಲಿ ನಾಯಕನಹಟ್ಟಿ, ದೇವರ ಹೆಸರಲ್ಲಿ ಗಾದ್ರಿ ಪಾಲನಾಯಕ, ಬೈಕಿನ ಸ್ಟಿಕರ್‌ನಲ್ಲಿ ಮದಕರಿ ನಾಯಕ, ತಾಲ್ಲೂಕು ಕಚೇರಿ ಕೊಡುವ ಪ್ರಮಾಣಪತ್ರದಲ್ಲಿ ಪರಿಶಿಷ್ಟ ಪಂಗಡ. ಇಂಜಿನಿಯರಿಂಗ್ ಓದಿದ ನನಗೆ ಇದು ಒಂದೇ ವೇರಿಯಬಲ್‌ಗೆ ನಾಲ್ಕು ಬೆಲೆ ತುಂಬಿದಂತೆ ಕಾಣುತ್ತೆ. ಬಿಡಿಸಿ ನೋಡದಿದ್ದರೆ ಲೆಕ್ಕ ತಪ್ಪುತ್ತೆ.

ಮೊದಲು ಅದು ಹುದ್ದೆ

ಪದವಿಯೇ ಹೆಸರಾಗಿ ನಿಲ್ಲುವುದು ಈ ನೆಲಕ್ಕೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರಗಳ ಅಶೋಕನ ಶಾಸನದಲ್ಲಿ ಆಜ್ಞೆ ಹೊರಡುವುದು ‘ಆರ್ಯಪುತ್ರ’ನಿಂದ. ಆ ರಾಜಕುಮಾರನ ಸ್ವಂತ ಹೆಸರು ಕಲ್ಲಿನ ಮೇಲಿಲ್ಲ, ಪದವಿ ಮಾತ್ರ ಇದೆ.

ವಿಜಯನಗರದಲ್ಲಿ ನಾಯಕ ಅಂದರೆ ಸೀಮೆಯ ಕಂದಾಯ ಉಂಡು, ಬದಲಿಗೆ ದೊರೆಗೆ ಸೈನ್ಯ ಒದಗಿಸುವವನು. ಇದಕ್ಕೆ ಅಮರನಾಯಕತನ ಅಂತ ಹೆಸರು. ಕೊಟ್ಟ ದೊರೆಯೇ ಕಿತ್ತುಕೊಳ್ಳಬಹುದಿತ್ತು. ಚಿತ್ರದುರ್ಗದ ಮನೆತನದ ಮೂಲಪುರುಷ ಮತ್ತಿ ತಿಮ್ಮಣ್ಣ ನಾಯಕನಿಗೆ ದುರ್ಗ ಸಿಕ್ಕಿದ್ದು ಹೀಗೆಯೇ. ಕೊನೆಗೆ ಅವನು ಸತ್ತದ್ದು ವಿಜಯನಗರದ ಸೆರೆಯಲ್ಲಿ ಎನ್ನುತ್ತದೆ ಚರಿತ್ರೆ.

1565ರಲ್ಲಿ ವಿಜಯನಗರ ಸೋತಿತು. ಕಿತ್ತುಕೊಳ್ಳುವ ಕೈ ಸೋತ ಮೇಲೆ ಹುದ್ದೆ ವಂಶದ ಆಸ್ತಿಯಾಯಿತು. ಹಾಗಂತ ಅಪ್ಪನಿಂದ ಮಗನಿಗೆ ಸರಾಗವಾಗಿ ಇಳಿದು ಬಂತು ಅಂದುಕೊಳ್ಳಬೇಡಿ. ಎರಡನೇ ಕಸ್ತೂರಿ ರಂಗಪ್ಪ ನಾಯಕನಿಗೆ ಮಕ್ಕಳಿರಲಿಲ್ಲ. ಪಟ್ಟಕ್ಕೆ ಬಂದವನು ಜಾನಕಲ್ಲು ದುರ್ಗದ ಭರಮಪ್ಪ ನಾಯಕನ ಮಗ. ನಾವು ಇವತ್ತು ‘ವೀರ ಮದಕರಿ’ ಅಂತ ಕೊಂಡಾಡುವುದು ಇವನನ್ನೇ. ತ.ರಾ.ಸು. ಅವರ ‘ದುರ್ಗಾಸ್ತಮಾನ’ದ ನಾಯಕನೂ ಇವನೇ. ತ.ರಾ.ಸು. ಹೆಸರಿನ ಮೊದಲ ಅಕ್ಷರ ಚಳ್ಳಕೆರೆ ತಾಲ್ಲೂಕಿನ ತಳುಕಿನದು.

1779ರಲ್ಲಿ ಹೈದರ್ ಅಲಿ ದುರ್ಗ ಗೆದ್ದ. ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅಲ್ಲಿಗೆ ಗದ್ದುಗೆ ಮುಗಿಯಿತು, ಪದ ಉಳಿಯಿತು.

ಗದ್ದುಗೆ ಹೋದ ಮೇಲೆ

ಸ್ಕಾಟ್ಲೆಂಡಿನಲ್ಲೂ ಹೀಗೇ ಆಗಿದೆ. 1746ರ ಕಲೊಡನ್ ಯುದ್ಧದ ನಂತರ ಬ್ರಿಟಿಷ್ ಸಂಸತ್ತು ಕುಲದೊರೆಗಳ ವಂಶಪಾರಂಪರ್ಯ ನ್ಯಾಯಾಧಿಕಾರ ರದ್ದು ಮಾಡಿತು. ಆದರೆ ‘ಚೀಫ್’ ಎಂಬ ಬಿರುದು ಉಳಿಯಿತು. ಅದು ಕುಲಕ್ಕೊಬ್ಬನದು, ಯಾರದು ಅಂತ ತೀರ್ಮಾನಿಸಲು ಇವತ್ತಿಗೂ ಲಾರ್ಡ್ ಲಯನ್ ಎಂಬ ಅಧಿಕಾರಿ ಇದ್ದಾರೆ.

ನಮ್ಮಲ್ಲಿ ಉಲ್ಟಾ. ಒಬ್ಬನ ಬಿರುದು ಇಡೀ ಸಮುದಾಯದ ಹೆಸರಾಯಿತು. ಪಾಳೆಪಟ್ಟು ಆಳಿದವರಷ್ಟೇ ಅಲ್ಲ, ಈ ಎರಡು ತಾಲ್ಲೂಕುಗಳ ಹಟ್ಟಿಗಳಲ್ಲಿ ದೇವರ ಎತ್ತು ಕಾಯುವ ಮ್ಯಾಸಬೇಡರ ಕಿಲಾರಿಯೂ ನಾಯಕನೇ.

ಆದರೆ ಪದ ಒಂದೇ ಸಮುದಾಯದ್ದಲ್ಲ. ಕೆಳದಿಯ ನಾಯಕರು ಲಿಂಗಾಯತರು. ಲಂಬಾಣಿ ತಾಂಡಾದ ಮುಖಂಡನೂ ನಾಯಕ್. ಆ ಸಮುದಾಯ ಇರುವುದು ಪರಿಶಿಷ್ಟ ಜಾತಿ ಪಟ್ಟಿಯಲ್ಲಿ. ಅಂದರೆ ಹೆಸರಿನ ಕೊನೆಯ ಪದ ನೋಡಿ ಯಾರ ಜಾತಿಯನ್ನೂ ಹೇಳಲಾಗದು.

ಪಟ್ಟಿಗೆ ಬಂದ ಬಿರುದು

ಸಂವಿಧಾನದ 18ನೇ ವಿಧಿ ಬಿರುದು ಕೊಡುವ ಪದ್ಧತಿಯನ್ನು ರದ್ದು ಮಾಡಿತು. ಆದರೆ 1991ರ ತಿದ್ದುಪಡಿಯಲ್ಲಿ ನಾಯಕ, ಬೇಡ, ವಾಲ್ಮೀಕಿ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. ಹಳೇ ಬಿರುದು ಈಗ ಹಕ್ಕಿನ ಬಾಗಿಲು.

ತಳವಾರರ ಕತೆ ಇನ್ನೂ ಚೆನ್ನಾಗಿದೆ. ತಳವಾರಿಕೆ ಊರು ಕಾಯುವ ವಂಶಪಾರಂಪರ್ಯ ಕೆಲಸ. ಪಟೇಲ, ಶಾನುಭೋಗ ಹುದ್ದೆಗಳ ಜೊತೆ ಅದನ್ನೂ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ತೆಗೆದುಹಾಕಿತು. 2020ರಲ್ಲಿ ಪರಿವಾರ, ತಳವಾರ ಎರಡೂ ಹೆಸರುಗಳು ನಾಯಕದ ಜೊತೆ ಪಂಗಡದ ಪಟ್ಟಿಗೆ ಬಂದವು. ಹುದ್ದೆಯಾಗಿ ಹೋದದ್ದು ಸಮುದಾಯವಾಗಿ ವಾಪಸ್ ಬಂತು.

2022ರಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಪಂಗಡಗಳ ಮೀಸಲಾತಿಯನ್ನು ಶೇ. 3ರಿಂದ 7ಕ್ಕೆ ಏರಿಸಿತು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಹಾಗಾಗಿ ‘ನಿಜವಾದ ನಾಯಕ ಯಾರು’ ಅನ್ನೋದು ಬರೀ ಜಂಬದ ಜಗಳವಲ್ಲ. ಸೀಟು, ಟಿಕೆಟ್, ನೌಕರಿ ಎಲ್ಲ ಅದರಲ್ಲಿದೆ.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಮದಕರಿಯ ಕೋಟೆಯನ್ನು ತೋರಿಸಿ ‘ರಾಜರಿಗೆ ಮೀಸಲಾತಿ ಯಾಕೆ’ ಅಂತ ಕೇಳುವವರು, ‘ನಾವು ರಾಜವಂಶ, ಟಿಕೆಟ್ ನಮಗೇ’ ಅನ್ನುವವರು, ಇಬ್ಬರೂ ಮಾಡುವ ತಪ್ಪು ಒಂದೇ. ಒಂದು ಮನೆಯ ಗದ್ದುಗೆಯನ್ನು ಇಡೀ ಹಟ್ಟಿಯ ಬದುಕು ಅಂದುಕೊಳ್ಳುತ್ತಾರೆ. ಗದ್ದುಗೆ 1779ರಲ್ಲೇ ಹೋಯಿತು. 1991ರ ಪಟ್ಟಿ ಬಂದದ್ದು ಪಾಳೆಗಾರನ ಮೊಮ್ಮಕ್ಕಳಿಗಾಗಿ ಅಲ್ಲ, ಕಿಲಾರಿಯ ಮಕ್ಕಳು ಹಾಸ್ಟೆಲ್ ಸೇರಿ ಓದಲಿ ಅಂತ. ಮೀಸಲಾತಿ ಅವರನ್ನು ಎಷ್ಟು ತಲುಪಿದೆ ಅನ್ನೋದೇ ಈ ಎರಡು ಕ್ಷೇತ್ರಗಳಲ್ಲಿ ಓಟು ಕೇಳಲು ಬರುವವರಿಗೆ ಹಾಕಬೇಕಾದ ಪ್ರಶ್ನೆ.